ಬಸ್‌ಸ್ಟಾಪ್ ಮೀಮಾಂಸೆ

ಯಾವ ಶಾಸ್ತ್ರವೇ ಆಗಲಿ, ಆರಂಭದಲ್ಲಿ ನಾಲ್ಕು ಸಂಗತಿ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ವಿಷಯ, ಬೆಂಗಳೂರಿನ ಬಸ್‌ಸ್ಟಾಪಿನಲ್ಲಿ ನಿಂತವರ ಅಭಿಪ್ರಾಯಗಳು. ಪ್ರಯೋಜನ ಇಲ್ಲ. ಸಂಬಂಧವೆಂದರೆ, ಬಸ್ಸು ಬಂದೊಡನೆ ಅಭಿಪ್ರಾಯ ನಿಲ್ಲುತ್ತದೆ, ಬಸ್ಸು ತಡವಾದಷ್ಟೂ ಅದು ಬೆಳೆಯುತ್ತದೆ. ಅಧಿಕಾರಿ ಯಾರೆಂದರೆ ಕನಿಷ್ಠ 20 ನಿಮಿಷ ನಿಂತು ಕಾಲು ನೋಯಿಸಿಕೊಂಡವನು. ಕಾರಿನಲ್ಲಿ ಓಡಾಡುವವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡಿದ್ದರೆ ಓದಬಹುದು, ಹೇಗೂ ಪುರಸೊತ್ತಿದೆ.

ಮೊದಲು ನಿರುಕ್ತ. ಹಿಂದೆ ನಗರದ ಬಸ್ಸುಗಳು ಬಿಟಿಎಸ್ ಆಗಿದ್ದವು. ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಎಂಬುದು ಕಾಗದದ ಅರ್ಥ. ‘ಬಿಟ್ರೆ ತಿರ್ಗಾ ಸಿಗಲ್ಲ’ ಎಂಬುದು ರೂಢಿಯ ಅರ್ಥ. ಮೂರೇ ಅಕ್ಷರದಿಂದ ಇಷ್ಟೊಂದು ಲೋಕಾನುಭವ ಹಿಂಡಿ ತೆಗೆಯುವುದು ಯಾಸ್ಕನಿಗೂ ಕಷ್ಟವಿತ್ತು. 1997ರಲ್ಲಿ ಅದು ಬಿಎಂಟಿಸಿ ಆಯಿತು. ಅಕ್ಷರ ಒಂದು ಹೆಚ್ಚಾದರೂ ಅಂಥದ್ದೊಂದು ನಿರುಕ್ತಿ ನನ್ನ ಕಿವಿಗೆ ಬಿದ್ದಿಲ್ಲ. ಜನಕ್ಕೆ ಹಾಸ್ಯ ಕಡಿಮೆಯಾಯಿತೋ ಕಾಯುವುದು ಅಭ್ಯಾಸವಾಯಿತೋ, ಪಂಡಿತರಲ್ಲಿ ಒಮ್ಮತವಿಲ್ಲ.

ಬಸ್ಸು ಬರುತ್ತಿದೆ ಎಂದು ತಿಳಿಯುವುದು ಹೇಗೆ? ಪ್ರತ್ಯಕ್ಷ ಪ್ರಮಾಣ ಇಲ್ಲಿ ಉಪಯೋಗಕ್ಕೆ ಬಾರದು. ಕಣ್ಣಿಗೆ ಬೀಳುವಷ್ಟರಲ್ಲಿ ಬಸ್ಸು ಸ್ಟಾಪು ದಾಟಿ 50 ಅಡಿ ಮುಂದೆ ನಿಂತಿರುತ್ತದೆ. ಆಗ ಬೇಕಾದದ್ದು ಜ್ಞಾನವಲ್ಲ, ಓಟ. ಇನ್ನು ಅನುಮಾನ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎನ್ನುತ್ತಾರೆ ತಾರ್ಕಿಕರು. ಅದನ್ನೇ ನಾವು ‘ತಿರುವಿನಲ್ಲಿ ಹೊಗೆ ಕಂಡರೆ ಬಸ್ಸು’ ಎಂದು ಬಹುಕಾಲ ನಡೆಸಿಕೊಂಡು ಬಂದೆವು. 2021ರ ಕೊನೆಗೆ ಎಲೆಕ್ಟ್ರಿಕ್ ಬಸ್ಸುಗಳು ರಸ್ತೆಗಿಳಿದವು. ಹೊಗೆಯಿದ್ದಲ್ಲಿ ಬಸ್ಸು ಎಂಬುದು ಇಂದಿಗೂ ಸರಿ. ಹೊಗೆಯಿಲ್ಲ, ಆದ್ದರಿಂದ ಬಸ್ಸಿಲ್ಲ ಎಂದು ಬೆನ್ನು ತಿರುಗಿಸಿದವನು ಮಾತ್ರ ಕೆಟ್ಟ. ಹೊಗೆಯಿಲ್ಲದ ಬೆಂಕಿಗೆ ಕಾದ ಕಬ್ಬಿಣದ ಗುಂಡನ್ನೇ ತೋರಿಸುತ್ತ ಬಂದ ನ್ಯಾಯಶಾಸ್ತ್ರಕ್ಕೆ ನಗರ ಸಾರಿಗೆ ಕೊಟ್ಟ ಹೊಸ ಉದಾಹರಣೆ ಇದು.

ಉಳಿದದ್ದು ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ. ಈ ಕಾಲದ ಆಪ್ತ ಮೊಬೈಲು. ಮೊನ್ನೆ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಏರಿಸಿದ್ದ ಹುಡುಗನೊಬ್ಬ ಫೋನು ಎತ್ತಿ ಹಿಡಿದು ‘ಎರಡೇ ನಿಮಿಷ’ ಎಂದು ಸ್ಟಾಪಿಗೆಲ್ಲ ಸಾರಿದ. ನಾವೆಲ್ಲ ಬಗ್ಗಿ ನೋಡಿದೆವು. ನಕ್ಷೆಯಲ್ಲಿ ಪುಟ್ಟ ಬಸ್ಸೊಂದು ನಾವು ನಿಂತ ಜಾಗಕ್ಕೇ ಬಂತು, ನಮ್ಮ ಮೇಲೇ ಹಾದು ಮುಂದಿನ ಸರ್ಕಲ್ಲಿಗೂ ಹೋಯಿತು. ರಸ್ತೆಯಲ್ಲಿ ಒಂದು ನೀರಿನ ಟ್ಯಾಂಕರು ಬಿಟ್ಟರೆ ಏನೂ ಇರಲಿಲ್ಲ. ವೇದಾಂತಿಗಳು ಹಗ್ಗದಲ್ಲಿ ಹಾವು ಕಂಡರಂತೆ. ಅವರಿಗೆ ಹಗ್ಗವಾದರೂ ಇತ್ತು.

ಪಕ್ಕದ ಕಟ್ಟೆಯ ಮೇಲೆ ಸೊಪ್ಪಿನ ಚೀಲ ಕಾಲ ನಡುವೆ ಇಟ್ಟುಕೊಂಡು ಕೂತಿದ್ದ ಅಜ್ಜಿ, ‘ಇನ್ನೂ ಹತ್ತು ನಿಮಿಷ ಆಗುತ್ತೆ, ಕೂತ್ಕೊಳಪ್ಪ’ ಅಂದರು.

‘ಹೆಂಗೆ ಗೊತ್ತಜ್ಜಿ?’

‘ಆ ಕಡೆ ಹೋಗೋದು ಈಗ ತಾನೇ ಹೋಯ್ತಲ್ಲ. ಅಲ್ಲಿ ಡ್ರೈವರು ಟೀ ಕುಡೀಬೇಕು, ಗಾಡಿ ತಿರುಗಿಸ್ಕೊಂಡು ಬರಬೇಕು.’

ಹನ್ನೊಂದನೇ ನಿಮಿಷಕ್ಕೆ ಬಸ್ಸು ಬಂತು. ‘ಬಿಟ್ರೆ ತಿರ್ಗಾ ಸಿಗಲ್ಲ’ ಎಂಬ ಪ್ರಾಚೀನ ಮತವನ್ನು ಅಜ್ಜಿ ಖಂಡಿಸಿದ್ದು ಹೀಗೆ.

ಬಸ್ಸು ಹತ್ತಿದ ಮೇಲೆ ಶ್ರುತಿ ಮತ್ತು ಸ್ಮೃತಿ. ಕಂಡಕ್ಟರು ಬಾಯಲ್ಲಿ ಹೇಳುವುದೆಲ್ಲ ಶ್ರುತಿ: ‘ರೈಟ್ ರೈಟ್’, ‘ಹೋಲ್ಡಾನ್’, ‘ಒಳಗಡೆ ಖಾಲಿ ಇದೆ ಹೋಗ್ರೀ’. ಈ ಕೊನೆಯದು ಅಪೌರುಷೇಯ, ಯಾವ ಪುರುಷನೂ ಕಣ್ಣಾರೆ ಕಂಡು ಹೇಳಿದ್ದಲ್ಲ. ಟಿಕೆಟಿನ ಹಿಂದೆ ಬರೆದು ಕೊಡುವ ಚಿಲ್ಲರೆ ಬಾಕಿ ಸ್ಮೃತಿ. ಇಳಿಯುವಾಗ ನೆನಪಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಕ್ಯೂಆರ್ ಕೋಡು ಬಂದಮೇಲೆ ಸ್ಮೃತಿಯ ಕಾಲ ಮುಗಿಯಿತೆಂದು ಆಧುನಿಕರು ಹಿಗ್ಗುತ್ತಾರೆ. ನೆಟ್‌ವರ್ಕ್ ಸಿಗದೆ ಪರದೆಯಲ್ಲಿ ಚಕ್ರ ಗಿರಗಿರ ಸುತ್ತುವಾಗ ಅವರೂ ಕೊನೆಗೆ ಕೈ ಹಾಕುವುದು ಹಿಂದಿನ ಜೇಬಿಗೇ.

ಈಗ ಶೂನ್ಯವಾದ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಶೂನ್ಯ ಮೊತ್ತದ ಟಿಕೆಟು ಸಿಗತೊಡಗಿತು. ಶೂನ್ಯವೆಂದರೆ ಇಲ್ಲದ್ದಲ್ಲ ಎಂದು ಬೌದ್ಧರು ಎಷ್ಟು ಬಗೆಯಲ್ಲಿ ಹೇಳಿದರೂ ಅರ್ಥವಾಗದಿದ್ದವರಿಗೆ ಕಂಡಕ್ಟರು ಅದನ್ನು ಹರಿದು ಕೈಗಿಟ್ಟರು. ಅಜ್ಜಿ ಸೆರಗಿನ ಗಂಟು ಬಿಚ್ಚಿ, ಲ್ಯಾಮಿನೇಷನ್ ಮಾಡಿಸಿದ ಆಧಾರ್ ಕಾರ್ಡು ತೋರಿಸಿ, ಟಿಕೆಟನ್ನು ನಾಲ್ಕು ಮಡಿಕೆ ಮಡಚಿ ಮತ್ತೆ ಗಂಟು ಹಾಕಿದರು. ಇಳಿಯುವವರೆಗೂ ಅದನ್ನು ಅವರಷ್ಟು ಜೋಪಾನ ಮಾಡಿದವರನ್ನು, ಕಾಸು ಕೊಟ್ಟವರಲ್ಲಿ, ನಾನು ಕಂಡಿಲ್ಲ.

ಇಲ್ಲಿ ಪೂರ್ವಪಕ್ಷ. ಅಂದು ಸ್ಕೂಟರು ಸರ್ವೀಸಿಗೆ ಬಿಟ್ಟಿದ್ದರಿಂದ ಬಸ್ಸಿಗೆ ಬಂದಿದ್ದ ಹಿರಿಯರೊಬ್ಬರು ಕಂಬಿ ಹಿಡಿದು ಹೇಳಿದರು: ‘ಮೆಟ್ರೋದಲ್ಲಿ ಮೇಲಿನ ಟಿಕೆಟ್ 60 ಇದ್ದದ್ದು 90 ಮಾಡಿದ್ರು. ನಮ್ಮ ಹತ್ರ ಕಿತ್ಕೊಂಡು ಇವರನ್ನ ಬಿಟ್ಟಿ ಸುತ್ತಿಸ್ತಾರೆ.’ ಮೆಟ್ರೋದ ಥೈಲಿ ಬೇರೆ, ಬಸ್ಸಿನ ಥೈಲಿ ಬೇರೆ ಎಂಬ ಸಣ್ಣ ದೋಷ ಬಿಟ್ಟರೆ ವಾದ ಗಟ್ಟಿಯಾಗಿಯೇ ಇತ್ತು, ದನಿಯಲ್ಲಂತೂ.

ಸಿದ್ಧಾಂತ ಹೀಗೆ. ಆ ಹಿರಿಯರ ಸ್ಕೂಟರು ಮಾರನೆಯ ದಿನ ಫ್ಲೈಓವರ್ ಹತ್ತುತ್ತದೆ. ಅದರ ಕಂಬ, ಕಾಂಕ್ರೀಟು, ದೀಪ, ಎಲ್ಲವೂ ಸರ್ಕಾರದ ಖರ್ಚು. ಹತ್ತಿಸಿ ಇಳಿಸಿದ್ದಕ್ಕೆ ಅವರು ಕೊಟ್ಟದ್ದೂ ಶೂನ್ಯ. ತೆರಿಗೆ ಕಟ್ಟಿದ್ದೇನೆ ಎನ್ನುತ್ತಾರೆ. ಅಜ್ಜಿಯೂ ಎಣ್ಣೆ ಸೋಪಿನ ಮೇಲೆ ಕಟ್ಟುತ್ತಾರೆ. ವ್ಯತ್ಯಾಸ ಇಷ್ಟೇ, ಫ್ಲೈಓವರಿನ ಬುಡದಲ್ಲಿ ಕಂಡಕ್ಟರು ನಿಂತು ಶೂನ್ಯ ಟಿಕೆಟ್ ಹರಿದು ಕೊಡುವುದಿಲ್ಲ. ಚೀಟಿ ಕೈಗೆ ಬಾರದ್ದರಿಂದ ತಾವು ಬಿಟ್ಟಿ ಹೋದದ್ದು ಅವರಿಗೆ ಗೊತ್ತಾಗುವುದಿಲ್ಲ.

ಕಡೆಯದಾಗಿ ವ್ಯಾಕರಣ. ಬಸ್‌ಸ್ಟಾಪಿನ ಭಾಷೆಯಲ್ಲಿ ‘ಸರ್ಕಾರ’ ಎಂಬ ಕರ್ತೃಪದಕ್ಕೆ ಎರಡೇ ಕ್ರಿಯಾಪದ: ‘ಮಾಡಬೇಕಿತ್ತು’, ‘ಮಾಡಬಾರದಿತ್ತು’. ಎರಡೂ ಒಂದೇ ಬಾಯಿಂದ ಬರಬಹುದು. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಬೇಡವೆಂದು 2016ರಲ್ಲಿ ಜನ ಕೈ ಕೈ ಹಿಡಿದು ನಿಂತರು, 2017ರಲ್ಲಿ ಯೋಜನೆ ಬಿದ್ದುಹೋಯಿತು. ಆ ಸರಪಳಿಯಲ್ಲಿ ನಾನೂ ಇದ್ದೆ. ಹೆಬ್ಬಾಳದಲ್ಲಿ ಮುಕ್ಕಾಲು ಗಂಟೆ ನಿಂತು ‘ಏನಾದ್ರೂ ಒಂದು ಕಟ್ಟಬಾರದಿತ್ತೇನ್ರೀ’ ಎಂದು ಗೊಣಗುವವರಲ್ಲಿಯೂ ಇದ್ದೇನೆ. ಉಪನಗರ ರೈಲಿಗೆ 2022ರ ಜೂನಿನಲ್ಲಿ ಅಡಿಗಲ್ಲು ಹಾಕಿ 40 ತಿಂಗಳ ಮಾತು ಕೊಟ್ಟರು. ಆನೆಗೇ 22 ತಿಂಗಳು ಸಾಕು. ಇಲ್ಲಿ 2025ರ ಅಕ್ಟೋಬರಿಗೆ ತಿಂಗಳು ತುಂಬಿದರೂ ಹೆರಿಗೆ ಆಗಲಿಲ್ಲ.

ಈ ಪ್ರಬಂಧದ ಮೊದಲ ಟಿಪ್ಪಣಿಗಳನ್ನು ಬರೆದುಕೊಂಡದ್ದು ಅಂದಿನ ಟಿಕೆಟಿನ ಹಿಂಬದಿಯಲ್ಲಿ. ಮನೆಗೆ ಬಂದು ಬಿಡಿಸಿ ನೋಡಿದರೆ, ‘ಸ್ಮೃತಿ’ ಎಂದು ನಾನು ಗೀಚಿದ ಸಾಲಿನ ಪಕ್ಕದಲ್ಲೇ ನೀಲಿ ಇಂಕಿನಲ್ಲಿ 7 ರೂಪಾಯಿ ಎಂದಿತ್ತು. ಆ ಅಕ್ಷರ ನನ್ನದಲ್ಲ.