ಸೆಲ್ಫ್ ತಿರುಗುತ್ತೆ, ಸ್ಟಾರ್ಟ್ ಆಗೋದಿಲ್ಲ

ಸಾಕು ಮೇಷ್ಟ್ರೇ, ಕೀ ಬಿಡಿ. ಬೆಳಗ್ಗೆಯಿಂದ ಕೇಳಿಸ್ಕೊಳ್ತಾನೇ ಇದೀನಿ. ಹಿಂಗೆ ಒಂದೇ ಸಮ ಸೆಲ್ಫ್ ಹೊಡೆದರೆ ಬ್ಯಾಟರಿ ಇಳಿದುಹೋಗುತ್ತೆ, ಸ್ಟಾರ್ಟರ್ ಮೋಟರು ಕಾಯುತ್ತೆ. ಹತ್ತು ಸೆಕೆಂಡಿಗಿಂತ ಜಾಸ್ತಿ ಹಿಡೀಬಾರದು, ಹಿಡಿದ ಮೇಲೆ ಅದಕ್ಕೂ ಒಂದು ನಿಮಿಷ ಬಿಡುವು ಕೊಡಬೇಕು. ಇನ್ನೂ ಒಂದಿದೆ. ಉರೀದೆ ಉಳಿದ ಪೆಟ್ರೋಲು ಬೋರಿನ ಗೋಡೆ ಮೇಲಿರೋ ಆಯಿಲನ್ನ ತೊಳೆದುಬಿಡುತ್ತೆ. ಒಣ ಗೋಡೆಗೆ ಪಿಸ್ಟನ್ ರಿಂಗು ಉಜ್ಜಿದರೆ ರಿಪೇರಿಗೆ ಹಾಕಿದ ದುಡ್ಡು ಅಲ್ಲೇ ಸವೀತಾ ಹೋಗುತ್ತೆ. ಬನ್ನಿ ಈ ಕಡೆ, ಕಾಂಪೌಂಡ್ ಹತ್ರ, ನೆರಳಿದೆ.

ಹೆಡ್ ಗ್ಯಾಸ್ಕೆಟ್ ಹೋಗಿತ್ತು ಅಂದ್ರಲ್ಲ. ಹುಡುಗ ಮನೆ ಮುಂದೇನೇ ಹೆಡ್ ಇಳಿಸಿದ, ಫೇಸಿಂಗು, ವಾಲ್ವ್ ಗ್ರೈಂಡಿಂಗು ಮಾಡಿಸಿಕೊಂಡು ಬಂದ, ಹೊಸ ಟೈಮಿಂಗ್ ಬೆಲ್ಟ್ ಹಾಕಿದ. ಅದೆಲ್ಲಾ ನಾನೂ ನೋಡಿದೀನಿ. ಕತ್ತಲಾಗೋ ಹೊತ್ತಿಗೆ ಜೋಡಿಸಿ ಮುಗಿಸಿದ, ಸ್ಟಾರ್ಟ್ ಆಗಲಿಲ್ಲ. ಈಗ ಫೋನಿನಲ್ಲಿ ಕಾಯಿಲ್ ಹೋಗಿರಬೇಕು, ಹೊಸದು ತರಿಸಿ ಅಂತಾನಾ? ತರಿಸಬೇಡಿ. ಗ್ಯಾಸ್ಕೆಟ್ ಹೋಗೋ ದಿನದವರೆಗೂ ಆ ಕಾಯಿಲ್ ಕೆಲಸ ಮಾಡಿದೆ. ಸ್ಪ್ಯಾನರ್ ಮುಟ್ಟದೇ ಇರೋ ಜಾಗದಲ್ಲಿ, ಗಾಡಿ ಸುಮ್ಮನೆ ನಿಂತಿದ್ದಾಗ, ಅದೊಂದೇ ಕೆಟ್ಟುಹೋಯ್ತು ಅಂದ್ರೆ ನನಗೆ ನಂಬಿಕೆ ಬರಲ್ಲ. ರಿಪೇರಿ ಆದ ಮೇಲೆ ಸ್ಟಾರ್ಟ್ ಆಗದ ಗಾಡೀಲಿ ಮೊದಲು ನೋಡಬೇಕಾದ್ದು ಕೈ ಆಡಿಸಿದ ಜಾಗ. ಏನೇನು ಬಿಚ್ಚಿದ, ಯಾವ ಕ್ರಮದಲ್ಲಿ ಬಿಚ್ಚಿದ, ಅದನ್ನ ಹಿಂದಿನಿಂದ ಒಂದೊಂದೇ ನೋಡ್ತಾ ಬರಬೇಕು. ಡಿಪೋದಲ್ಲಿ ನಮ್ಮ ಹೆಡ್ ಮೇಸ್ತ್ರಿ ಯಾವ ಬಸ್ಸಿಗೂ ಮೊದಲು ಕೇಳ್ತಿದ್ದಿದ್ದು ಇದನ್ನೇ: "ಕಡೇದಾಗಿ ಏನು ಮುಟ್ಟಿದ್ರಿ?"

ನಮ್ಮದು ಡೀಸೆಲ್ಲು, ಅಲ್ಲಿ ಉತ್ತರ ಬೇಗ ಸಿಗ್ತಿತ್ತು. ಫಿಲ್ಟರ್ ಬದಲಾಯಿಸಿದ್ರೆ ಪೈಪಿನಲ್ಲಿ ಏರ್ ಸೇರಿಕೊಂಡಿರುತ್ತೆ, ಹ್ಯಾಂಡ್ ಪಂಪ್ ಒತ್ತಿ ಗುಳ್ಳೆ ನಿಲ್ಲೋ ತನಕ ಬಿಟ್ರೆ ಸರಿ. ಪೆಟ್ರೋಲ್ ಗಾಡೀಲಿ ಕರೆಂಟಿನ ಲೆಕ್ಕ ಬೇರೆ ಸೇರುತ್ತೆ.

ನಿಮ್ಮ ಗಾಡಿ ಸದ್ದು ನಾನು ಗಮನಿಸಿ ಕೇಳಿದೀನಿ. ಸೆಲ್ಫ್ ಹೊಡೆದಾಗ ಕುಯ್, ಕುಯ್, ಕುಯ್ ಅಂತ ತಡೆದು ತಡೆದು ತಿರುಗ್ತಿದೆ. ಒಂದೊಂದು ಪಿಸ್ಟನ್ನೂ ಗಾಳಿ ಒತ್ತುವಾಗ ಭಾರ ಬೀಳುತ್ತಲ್ಲ, ಆ ಸದ್ದು. ಅಂದ್ರೆ ಕಂಪ್ರೆಶನ್ ಇದೆ. ಬೆಲ್ಟ್ ತೀರಾ ತಪ್ಪಿ ಕೂತಿದ್ರೆ, ವಾಲ್ವು ಬಾಗಿದ್ರೆ, ಗುಯ್ಯ್ ಅಂತ ಹಗುರಾಗಿ ಒಂದೇ ಎಳೆಯಲ್ಲಿ ಓಡೋದು. ಹಾಗಿಲ್ಲ. ಬೆಲ್ಟ್ ಒಂದು ಹಲ್ಲು ಆಚೀಚೆ ಆಗಿರಬಹುದು, ಅದನ್ನ ಗುರುತು ನೋಡಿಯೇ ಹೇಳಬೇಕು. ಪೆಟ್ರೋಲು? ಬಾನೆಟ್ ತೆಗೆದಾಗ ಘಮ್ಮಂತ ವಾಸನೆ ನನ್ನ ಜಗಲಿವರೆಗೂ ಬಂತು. ಬಿಚ್ಚಿದ ಪ್ಲಗ್ಗು ಒದ್ದೆ ಇತ್ತು ಅಂತ ನೀವೇ ಹೇಳಿದ್ರಿ. ಪೆಟ್ರೋಲು ಒಳಗೆ ಹೋಗ್ತಿದೆ, ಹತ್ತಿಕೊಳ್ತಿಲ್ಲ. ಒಣಗಿದ್ದಿದ್ರೆ ಪಂಪಿನ ಪೈಪು ಅದಲು ಬದಲಾಗಿದೆಯಾ ಅಂತ ನೋಡ್ತಿದ್ದೆ. ಆ ಗಾಡೀಲಿ ಪಂಪು ಹೆಡ್ಡಿನಲ್ಲೇ ಇರೋದು, ಅದಕ್ಕೂ ಕೈ ಬಿದ್ದಿರುತ್ತೆ.

ನನಗೆ ಅನುಮಾನ ಬಂದಿದ್ದು ಇನ್ನೊಂದು ಸದ್ದಿನಿಂದ. ಆಗಾಗ ಕಾರ್ಬೊರೇಟರ್ ಕಡೆಯಿಂದ ಫಟ್ ಅಂತು. ಹಿಂದೇನೇ ಸೈಲೆನ್ಸರಿನಲ್ಲಿ ಡಬ್ ಅಂತು. ಮಧ್ಯೆ ಒಂದು ಸಲ ಇನ್ನೇನು ಹಿಡೀತು ಅನ್ನೋ ಹಾಗೆ ಇಂಜಿನ್ನು ಒದರ್ತು. ಕರೆಂಟ್ ಇಲ್ಲದ ಇಂಜಿನ್ನು ಹಾಗೆ ಸದ್ದು ಮಾಡಲ್ಲ. ಕರೆಂಟ್ ಬರ್ತಿದೆ, ಹೊತ್ತು ತಪ್ಪಿ ಬರ್ತಿದೆ. ಅದಕ್ಕೇ ಕಾಯಿಲ್ ಬೇಡ ಅಂದಿದ್ದು.

ನಿಮ್ಮದು 97ರ ಮಾಡೆಲ್ ಮಾರುತಿ 800. 796 ಸಿಸಿ, ಮೂರು ಸಿಲಿಂಡರು. ನಾಲ್ಕು ಸಿಲಿಂಡರ್ ಗಾಡೀಲಿ ಪಳಗಿದ ಕೈಗೆ 1-3-4-2 ಬಾಯಿಪಾಠ ಇರುತ್ತೆ. ಮೂರೇ ಇದೆ ಅಂದ್ರೆ ಒಂದು, ಎರಡು, ಮೂರು ಅಂತ ಸಾಲಾಗಿ ವೈರ್ ಚುಚ್ಚಿಬಿಡ್ತಾರೆ. ಆದರೆ ಇದರ ಕ್ರಮ 1-3-2. ಎರಡನೇದು, ಮೂರನೇದು ಅದಲು ಬದಲಾದ್ರೆ ಏನಾಗುತ್ತೆ ನೋಡಿ. ಒಂದನೇ ಸಿಲಿಂಡರಿಗೆ ಸರಿಯಾದ ಹೊತ್ತಿಗೇ ಕಿಡಿ ಸಿಗುತ್ತೆ, ಅದು ಪಾಪ ಒಂದೇ ಒದರುತ್ತೆ. ಎರಡನೇದಕ್ಕೆ ಕಿಡಿ ಬೀಳೋದು ಅದು ಇನ್ನೂ ಪೆಟ್ರೋಲು ಗಾಳಿ ಎಳ್ಕೊಳ್ತಾ ಇರುವಾಗ. ಒಳಗೆ ಬಿಡೋ ವಾಲ್ವು ತೆರೆದೇ ಇದೆ, ಬೆಂಕಿ ಕಾರ್ಬೊರೇಟರ್ ಬಾಯಿಗೆ ಬರುತ್ತೆ. ಮೂರನೇದಕ್ಕೆ ಬೀಳೋದು ಹೊಗೆ ಹೊರಗೆ ತಳ್ಳೋ ಹೊತ್ತಿನಲ್ಲಿ. ಆಗ ಹೊರಗೆ ಬಿಡೋ ವಾಲ್ವು ತೆರೆದಿರುತ್ತೆ, ಬೆಂಕಿ ಸೈಲೆನ್ಸರಿಗೆ. ಫಟ್, ಡಬ್, ಮಧ್ಯೆ ಒಂದು ಒದರಾಟ. ಮೂರೂ ನಿಮ್ಮ ಗಾಡೀಲಿ ಇದೆಯಲ್ಲ. ಮೂರು ಸಿಲಿಂಡರೂ ಒಂದೊಂದು ಸಾಕ್ಷಿ ಹೇಳ್ತಿರೋದು ನನಗಂತೂ ಬಹಳ ಚೆಂದ ಅನಿಸುತ್ತೆ.

ವೈರ್ ಸರಿಯಿದ್ದೂ ಹಿಂಗೇ ಆದ್ರೆ ಡಿಸ್ಟ್ರಿಬ್ಯೂಟರ್ ಕೂತಿರೋ ದಿಕ್ಕು ನೋಡಬೇಕು. ಒಂದನೇ ಪ್ಲಗ್ ಬಿಚ್ಚಿ, ತೂತಿಗೆ ಹೆಬ್ಬೆರಳು ಒತ್ತಿ, ಕ್ರ್ಯಾಂಕ್ ಪುಲ್ಲಿಯನ್ನ ಸ್ಪ್ಯಾನರಿನಲ್ಲಿ ನಿಧಾನ ತಿರುಗಿಸಬೇಕು. ಗಾಳಿ ಬೆರಳನ್ನ ತಳ್ಳಿದ ಮೇಲೆ ಬರೋ ಗುರುತೇ ನಮಗೆ ಬೇಕಾದ್ದು. ಯಾಕಂದ್ರೆ ಕ್ಯಾಮ್ ಒಂದು ಸುತ್ತು ಬರೋದ್ರೊಳಗೆ ಕ್ರ್ಯಾಂಕು ಎರಡು ಸುತ್ತು ಬಂದಿರುತ್ತೆ, ಪಿಸ್ಟನ್ನು ಎರಡು ಸಲ ಮೇಲೆ ಬಂದಿರುತ್ತೆ. ಒಂದು ಸಲ ಕಂಪ್ರೆಶನ್ನಿಗೆ, ಇನ್ನೊಂದು ಸಲ ಹೊಗೆ ತಳ್ಳೋಕೆ. ಪುಲ್ಲಿ ಗುರುತು ಎರಡೂ ಸಲ ಒಂದೇ ಥರ ಕಾಣುತ್ತೆ. ಬೆರಳು ಮಾತ್ರ ಬಿಡಿಸಿ ಹೇಳುತ್ತೆ. ಆಗ ರೋಟರು ಒಂದನೇ ವೈರಿನ ಕಡೆ ಮುಖ ಮಾಡಿರಬೇಕು.

ನಿಮ್ಮ ಮಗಳ ಕಾರಿಗೆ ಈ ಪಾಠ ಅಷ್ಟಾಗಿ ಹೊಂದಲ್ಲ. ಈಗಿನ ಗಾಡೀಲಿ ಕೀ ಆನ್ ಮಾಡಿದಾಗ ಹಿಂದಿನ ಟ್ಯಾಂಕಿನಿಂದ ಪಂಪು ಒಂದೆರಡು ಸೆಕೆಂಡ್ ಗುಂಯ್ ಅನ್ನಬೇಕು. ಕ್ರ್ಯಾಂಕ್ ಸೆನ್ಸರಿನ ಕನೆಕ್ಟರ್ ಕೂರಿಸೋದು ಮರೆತರೆ ಕಂಪ್ಯೂಟರಿಗೆ ಇಂಜಿನ್ನು ತಿರುಗ್ತಿರೋದೇ ಗೊತ್ತಾಗಲ್ಲ, ಪೆಟ್ರೋಲೂ ಬಿಡಲ್ಲ, ಕಿಡೀನೂ ಕೊಡಲ್ಲ. ಕಡೇದಾಗಿ ಏನು ಮುಟ್ಟಿದ್ರಿ ಅನ್ನೋ ಪ್ರಶ್ನೆ ಅಲ್ಲೂ ಅದೇ.

ಆ ಹುಡುಗನ್ನ ಬೈಬೇಡಿ ಮೇಷ್ಟ್ರೇ. 1983ರಲ್ಲಿ ಬಂದ ಗಾಡಿ, ಅದನ್ನ ಮಾಡೋದು ನಿಲ್ಲಿಸಿದ್ದೇ 2014ರಲ್ಲಿ. ಈ ವಯಸ್ಸಿನ ಹುಡುಗರು ಕಾರ್ಬೊರೇಟರ್ ಗಾಡಿ ಕಲಿಯೋ ಹೊತ್ತಿಗೆ ಕಲಿಸೋ ಮೇಸ್ತ್ರಿಗಳೇ ಕೆಲಸ ಬಿಟ್ಟಿದ್ರು. ಹೆಡ್ ಕೆಲಸ ಅವನು ನೀಟಾಗಿ ಮಾಡಿದಾನೆ. ಬೋಲ್ಟನ್ನ ಮಧ್ಯದಿಂದ ಶುರು ಮಾಡಿ, ಟಾರ್ಕ್ ರೆಂಚಿನಲ್ಲಿ ಹಂತ ಹಂತವಾಗಿ ಬಿಗಿ ಮಾಡ್ತಿದ್ದ. ಅಷ್ಟು ಶ್ರದ್ಧೆ ಇರೋನಿಗೆ ವೈರಿನ ಕ್ರಮ ಹೇಳಿಕೊಟ್ರೆ ಜನ್ಮದಲ್ಲಿ ಮರೆಯಲ್ಲ. ಬಂದಾಗ ನನಗೊಂದು ಕೂಗು ಹಾಕಿ. ಅಷ್ಟರಲ್ಲಿ ಪ್ಲಗ್ ಮೂರನ್ನೂ ಬಿಚ್ಚಿ ಬಿಸಿಲಿಗೆ ಇಟ್ಟಿರಿ, ಒದ್ದೆ ಪ್ಲಗ್ಗಿಗೆ ಕಿಡಿ ಸರಿಯಾಗಿ ಹಾರಲ್ಲ.

ಸ್ಟಾರ್ಟ್ ಆದ ಮೇಲೆ ಅವನನ್ನ ಹಾಗೇ ಕಳಿಸಬೇಡಿ. ಗ್ಯಾಸ್ಕೆಟ್ ಹೋಗಿದ್ದು ಇಂಜಿನ್ನು ಕಾದಿದ್ದಕ್ಕೆ. ಕಾದಿದ್ದು ಯಾಕೆ ಅಂತ ಅವನು ನೋಡಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಇಂಜಿನ್ನು ಬಿಸಿಯಾಗೋ ತನಕ ಓಡಿಸಿ ನಿಲ್ಲಿಸಿ, ರೇಡಿಯೇಟರ್ ಫ್ಯಾನು ತಾನಾಗೇ ತಿರುಗುತ್ತಾ ನೋಡಿ ಹೋಗು ಅಂತ ಹೇಳಿ. ತಿರುಗಲಿಲ್ಲ ಅಂದ್ರೆ ಫ್ಯಾನಿನ ಸ್ವಿಚ್ಚು, ಥರ್ಮೋಸ್ಟ್ಯಾಟು ಎರಡನ್ನೂ ಇವತ್ತೇ ನೋಡಿಸಿ.