ಗಿದ್ಯೋನನ ಕಂಬಳಿ

ವಿವೇಕವನ್ನು ಬೇಡಿದವನಿಗೆ ದೇವರು ಗದರಿಸದೆ ಧಾರಾಳವಾಗಿ ಅನುಗ್ರಹಿಸುವನೆಂದು ಯಾಕೋಬನು ತನ್ನ ಪತ್ರಿಕೆಯ ಆರಂಭದಲ್ಲಿಯೇ ಬರೆದಿಟ್ಟಿರುವುದು ನನ್ನಂಥವರಿಗೆ ಎಷ್ಟು ಸೌಕರ್ಯವೋ ಅಷ್ಟೇ ಅಪಾಯ. ಗದರಿಕೆಯ ಭಯವಿಲ್ಲವೆಂದು ತಿಳಿದ ಮೇಲೆ ಮನುಷ್ಯನು ಏನನ್ನು ಬೇಕಾದರೂ ಕೇಳಿಬಿಡುತ್ತಾನೆ. ಗಿಬ್ಯೋನಿನಲ್ಲಿ ಕನಸು ಕಂಡ ಸೊಲೊಮೋನನು ಐಶ್ವರ್ಯವನ್ನು ಬಿಟ್ಟು, ಪ್ರಜೆಗಳ ನ್ಯಾಯಾನ್ಯಾಯಗಳನ್ನು ವಿವೇಚಿಸುವ ಹೃದಯವನ್ನು ಕೇಳಿದನು. ನಾನು ಕೇಳಿದ್ದು ಹತ್ತಿಯ ಧಾರಣೆಯನ್ನು.

ಬೈಲಹೊಂಗಲದ ಎರೆಭೂಮಿಯವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಬಿಡಿಸಿ ತಂದ ಹತ್ತಿ ಪಡಸಾಲೆಯ ಜಂತಿ ಮುಟ್ಟುವಂತೆ ಒಟ್ಟಿರುತ್ತದೆ. ಮಾರಿದ ಮರುದಿನ ಧಾರಣೆ ಏರುತ್ತದೆ, ಇಟ್ಟ ಮರುದಿನ ಇಳಿಯುತ್ತದೆ, ಇವೆರಡರ ನಡುವೆ ಹತ್ತಿಯು ತನ್ನಷ್ಟಕ್ಕೆ ಒಣಗಿ ತೂಕವನ್ನು ಕಳೆದುಕೊಳ್ಳುತ್ತದೆ. ನನ್ನ ಹೆಂಡತಿ ಮಾರಬೇಕೆನ್ನುತ್ತಿದ್ದಳು, ನಾನು ಇಡಬೇಕೆನ್ನುತ್ತಿದ್ದೆ. 1824ರಲ್ಲಿ ಕಂಪನಿಯ ದಂಡಿಗೆ ಇದಿರು ನಿಂತ ಕಿತ್ತೂರು ಚೆನ್ನಮ್ಮನ ಸಮಾಧಿಯಿರುವ ಊರಿನಲ್ಲಿ ಹುಟ್ಟಿ ಬೆಳೆದವನು, ಅಡತಿ ಅಂಗಡಿಯವನಿಗೆ ಹೂಂ ಎನ್ನಬೇಕೋ ಊಹೂಂ ಎನ್ನಬೇಕೋ ತಿಳಿಯದೆ ಪರಲೋಕದ ಮೊರೆಹೊಕ್ಕನೆಂದರೆ ರಾಣಿಯ ಆತ್ಮವು ಎಷ್ಟು ನೊಂದಿತೋ!

ಮೊರೆಹೊಗುವ ವಿಧಾನವನ್ನು ಗಿದ್ಯೋನನಿಂದ ಎರವಲು ಪಡೆದೆನು. ಅವನು ಕಣದಲ್ಲಿ ಕುರಿಯ ಉಣ್ಣೆಯನ್ನಿರಿಸಿ, ನೆಲ ಒಣಗಿದ್ದು ಉಣ್ಣೆ ಮಾತ್ರ ಇಬ್ಬನಿಯಿಂದ ನೆನೆದಿದ್ದರೆ ದೇವರು ತನ್ನ ಪಕ್ಷವೆಂದು ನಂಬುವೆನೆಂದನು, ಹಾಗೆಯೇ ಆಯಿತು. ಆದರೆ ಗಿದ್ಯೋನನು ಪ್ರಾಮಾಣಿಕನಾದುದರಿಂದ ಮರುರಾತ್ರಿ ಪರೀಕ್ಷೆಯನ್ನು ತಿರುಗುಮುರುಗು ಮಾಡಿ, ನೆಲ ನೆನೆದು ಉಣ್ಣೆ ಒಣಗಿರಲಿ ಎಂದೂ ಬೇಡಿಕೊಂಡನು. ನಾನು ಮೊದಲನೆಯ ರಾತ್ರಿಯಷ್ಟನ್ನೇ ಸ್ವೀಕರಿಸಿದೆನು: ಕಂಬಳಿ ನೆನೆದರೆ ಹತ್ತಿಯನ್ನಿಡುವುದು, ಒಣಗಿದ್ದರೆ ಮಾರುವುದು. 1820ರಲ್ಲಿ ಬೆಳಗಾವಿಗೆ ಬಂದ ಲಂಡನ್ ಮಿಷನ್ನಿನವರಾಗಲಿ, 1904ರಲ್ಲಿ ಅವರಿಂದ ಅಲ್ಲಿಯ ಕೆಲಸವನ್ನು ವಹಿಸಿಕೊಂಡ ಅಮೆರಿಕದ ಮೆಥೊಡಿಸ್ಟರಾಗಲಿ, ಈ ಕಥೆಯನ್ನು ನಮ್ಮ ಹಿರಿಯರಿಗೆ ಕಲಿಸುವಾಗ ಪುಷ್ಯಮಾಸದಲ್ಲಿ ಇಲ್ಲಿ ಬೀಳುವ ಇಬ್ಬನಿಯನ್ನು ಲೆಕ್ಕಕ್ಕೆ ಹಿಡಿದಿರಲಾರರು. ಹಿಂಗಾರಿ ಜೋಳವೂ ಕಡಲೆಯೂ ಆ ಇಬ್ಬನಿಯ ಆಸರೆಯಲ್ಲಿಯೇ ಜೀವ ಹಿಡಿಯುವ ಸೀಮೆಯಿದು; ಕಡಲೆಯ ಹೊಲದ ಮೇಲೆ ರಾತ್ರಿ ಬಿಳಿಯ ಅರಿವೆ ಹಾಸಿ, ನಸುಕಿನಲ್ಲಿ ಹಿಂಡಿ, ಹೊಟ್ಟೆನೋವಿನ ಹುಳಿಯನ್ನು ಸಂಗ್ರಹಿಸುವ ಮುದುಕಿಯರಿಗೆ ನೆನೆದ ಬಟ್ಟೆ ದೇವದೂತನ ಕೆಲಸವೆಂದು ಒಮ್ಮೆಯೂ ಅನ್ನಿಸಿದ್ದಿಲ್ಲ. ಇಷ್ಟೆಲ್ಲ ತಿಳಿದೂ ನಾನು ಪುಷ್ಯಮಾಸವನ್ನೇ ಆರಿಸಿಕೊಂಡೆನು.

ಕಣವು ಊರ ಹೊರಗಿದ್ದುದರಿಂದ ಮಾಳಿಗೆಯೇ ಕಣವಾಯಿತು. ಗೂಟಕ್ಕೆ ತೂಗಿದ್ದ ಕರಿಯ ಕಂಬಳಿಯನ್ನು ಹೆಗಲಿಗೇರಿಸಿ, ನಿಚ್ಚಣಿಕೆ ಹತ್ತಿ, ಮೇಲ್ಮುದ್ದೆಯ ನಡುವೆ ಹಾಸಿದೆನು. ಬೆಳಕಿಂಡಿಯ ಬಳಿ ಹಾಸಿದರೆ ಒಲೆಯ ಶಾಖ ತಗಲೀತೆಂದು ಮೂಲೆಗೆಳೆದೆನು. ಮೂಲೆಯಲ್ಲಿ ಬೇವಿನ ಕೊಂಬೆಯೊಂದು ಇಬ್ಬನಿಗೆ ಅಡ್ಡವಾದೀತೆಂದು ತಿರುಗಿ ನಡುವಿಗೆ ತಂದೆನು. ಮಡಿಕೆಯಲ್ಲಿದ್ದರೆ ಒಳಪದರಕ್ಕೆ ದೇವರ ಚಿತ್ತವು ಪ್ರಕಟವಾಗದೆಂದು ಪೂರ್ತಿಯಾಗಿ ಬಿಡಿಸಿದೆನು. ಕೆಳಗಿಳಿದು ಮಲಗಿದವನಿಗೆ ಬೆಕ್ಕಿನ ಚಿಂತೆ ಹತ್ತಿತು. ಬೆಕ್ಕು ಮಲಗಿ ಬೆಚ್ಚಗೆ ಮಾಡಿದ ಭಾಗವನ್ನು ಯಾವ ಉತ್ತರವೆಂದು ಎಣಿಸತಕ್ಕದ್ದು? ಬ್ಯಾಟರಿ ಹಿಡಿದು ಮತ್ತೆ ಹತ್ತಿದೆನು. ನಾಲ್ಕೂ ಕಾಲುಗಳ ಮೇಲೆ ಬಾಗಿ, ಅಂಗೈಯಿಂದ ಕಂಬಳಿಯ ಅಂಚನ್ನು ಸವರುತ್ತ, ನೆನೆದಿದೆಯೆಂದು ಒಮ್ಮೆ, ಬರಿದೆ ತಣ್ಣಗಿದೆಯೆಂದು ಮತ್ತೊಮ್ಮೆ ನಿಶ್ಚಯಿಸುತ್ತಿರುವಾಗ ಪಕ್ಕದ ಮಾಳಿಗೆಯಿಂದ ಕೂಗು ಬಂದಿತು.

"ಯಾರಂವ?"

ಕಳ್ಳನಲ್ಲವೆಂದು ನನ್ನ ಹೆಸರನ್ನು ಹೇಳಿದೆನು. ನೆರೆಮನೆಯ ಕಾಕಾ ಕೋಲನ್ನು ಕೆಳಗಿಳಿಸಿ, ಬ್ಯಾಟರಿಯ ಬೆಳಕಿನಲ್ಲಿ ಹಾಸಿದ್ದ ಕಂಬಳಿಯನ್ನೂ ಅದರ ಮೇಲೆ ಚತುಷ್ಪಾದಿಯಾಗಿದ್ದ ನನ್ನನ್ನೂ ಬಹಳ ಹೊತ್ತು ಪರಿಶೀಲಿಸಿ, ಕರುಣೆಯಿಂದ ಹೇಳಿದರು:

"ತಮ್ಮಾ, ಹುಳಿ ಹಿಡಿಯೂದಾದ್ರ ಕಡ್ಲಿ ಹೊಲದಾಗ ಅರಿವಿ ಹಾಸಬೇಕೊ. ಮಾಳಿಗಿ ಮ್ಯಾಲೆ ಕಂಬಳಿ ಹಾಸಿದ್ರ ಏನ್ ಸಿಗತೈತಿ?"

ಗಿದ್ಯೋನನ ವೃತ್ತಾಂತವನ್ನು ಮಧ್ಯರಾತ್ರಿಯಲ್ಲಿ, ಎರಡು ಮಾಳಿಗೆಗಳ ನಡುವಿನ ಓಣಿಯ ಆಚೆಗೆ, ನಾಯಿಗಳು ಬೊಗಳುತ್ತಿರುವಾಗ ವಿವರಿಸುವುದು ಮಿಷನರಿಗಳಿಗೂ ಸುಲಭವಾಗಿರಲಿಕ್ಕಿಲ್ಲ. ನಾನು "ಸುಮ್ಮನ ಕಾಕಾ" ಎಂದು ಇಳಿದು ಬಂದೆನು.

ನಸುಕಿನಲ್ಲಿ ಹೋಗಿ ನೋಡಿದರೆ ಕಂಬಳಿಯೇ ಇರಲಿಲ್ಲ. ಗಿದ್ಯೋನನಿಗೆ ಒದಗದ ಈ ಮೂರನೆಯ ಉತ್ತರದಿಂದ ದಿಗ್ಭ್ರಾಂತನಾಗಿ ಕೆಳಗೋಡಿ ಬಂದವನಿಗೆ ಅದು ತಲೆಬಾಗಿಲ ಕಟ್ಟೆಯ ಮೇಲೆ ನಮ್ಮ ಅವ್ವನನ್ನು ಹೊದ್ದುಕೊಂಡು ಕಾಣಿಸಿತು. ಮುಟ್ಟಿದೆನು, ಹೊರಮೈ ತುಸು ಹಸಿ, ಒಳಮೈ ಬೆಚ್ಚಗೆ. ಹೆಂಡತಿ ಅಂಗಳ ಗುಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು:

"ಅತ್ತಿಯಾರು ನಡಗಾಕತ್ತಿದ್ರು, ತಂದು ಹೊಚ್ಚಿನಿ. ಕಂಬಳಿ ಅವರದ ಅಲ್ರಿ?"

ಅವರದೇ. ಪಡಸಾಲೆಯನ್ನು ಹತ್ತಿಗೆ ಬಿಟ್ಟುಕೊಟ್ಟು ಮುದುಕಿ ಸುಗ್ಗಿಯಿಂದೀಚೆಗೆ ಕಟ್ಟೆಯ ಮೇಲೆ ಮಲಗುತ್ತಿದ್ದಳು. ಊರಿನ ಅರ್ಧ ಜನರ ಮೈಮುಚ್ಚುವಷ್ಟು ಅರಳೆಯು ಒಳಗೆ ಬೆಚ್ಚಗಿತ್ತು. ಯಾಕೋಬನ ಪತ್ರಿಕೆಯನ್ನು ಆರಂಭದಲ್ಲಿಯೇ ಮುಚ್ಚಿಡುವವರಿಗೆ ಎರಡನೆಯ ಅಧ್ಯಾಯವು ಗೋಚರಿಸುವುದಿಲ್ಲ. ಬಟ್ಟೆಯಿಲ್ಲದವನಿಗೆ ಬೆಚ್ಚಗಿರೆಂದು ಬಾಯಲ್ಲಿ ಹರಸಿ ಕಳುಹಿಸುವವರನ್ನು ಆತನು ಅಲ್ಲಿ ನಿರ್ದಾಕ್ಷಿಣ್ಯವಾಗಿ ವಿಚಾರಿಸಿಕೊಂಡಿದ್ದಾನೆ. ನಾನು ಹರಸಿಯೂ ಇರಲಿಲ್ಲ, ಹೊದಿಕೆಯನ್ನೇ ಒಯ್ದಿದ್ದೆನು. ದೇವರನ್ನು ಕೇಳುವವರಲ್ಲಿ ಬಹುಮಂದಿ ಉತ್ತರವನ್ನು ತಾವೇ ಬರೆದು, ಕೆಳಗೆ ಆತನ ರುಜುವಿಗೆ ಜಾಗ ಬಿಟ್ಟು ಕಾಯುತ್ತಾರೆ. ಕಟ್ಟೆಯ ಮೇಲೆ ಯಾರು ನಡುಗುತ್ತಿದ್ದಾರೆಂದು ನೋಡಿದವಳಿಗೆ ಏನನ್ನೂ ಕೇಳುವ ಪ್ರಸಂಗವೇ ಬರಲಿಲ್ಲ.

ಹತ್ತಿಯನ್ನು ಅಂದೇ ಅಂಡಿಗೆಗಳಲ್ಲಿ ತುಂಬಿ ಪೇಟೆಗೆ ಸಾಗಿಸಿದೆವು. ಧಾರಣೆಯ ಮಾತನ್ನು ಇಲ್ಲಿ ಎತ್ತುವುದಿಲ್ಲ. ಅವ್ವ ಪಡಸಾಲೆಗೆ ಬಂದಳು, ಬಂದವಳೇ ಹತ್ತಿ ಇದ್ದಾಗಲೇ ಸೆಕೆ ಚೆನ್ನಾಗಿತ್ತೆಂದಳು.

ಕಾಕಾ ಸುಮ್ಮನಿರಲಿಲ್ಲ. ವಾರದೊಳಗೆ ದೇವಾಲಯದ ಹಿರಿಯರೊಬ್ಬರು ಮಗಳ ವರನ ವಿಷಯವಾಗಿಯೂ, ಸಂಘದ ಅಕ್ಕನವರೊಬ್ಬರು ಹೊಲದ ವ್ಯಾಜ್ಯದ ವಿಷಯವಾಗಿಯೂ "ಆ ಕಂಬಳಿ" ಕೇಳಿಕೊಂಡು ಬಂದರು. ಒಬ್ಬರಾದರೂ ವರನನ್ನಾಗಲಿ ದಾಯಾದಿಯನ್ನಾಗಲಿ ಕಂಡು ಮಾತಾಡಿದವರಲ್ಲ. ಕಂಬಳಿ ಅವ್ವನದು, ಕೊಡಲಾಗದೆಂದೆನು. ಬರಿಗೈಯಲ್ಲಿ ಕಳುಹಿಸಲಾರದೆ ಒಂದು ಪಂಚಾಂಗವನ್ನು ಮಾತ್ರ ರಚಿಸಿಕೊಟ್ಟೆನು: ಹೌದೆನ್ನಿಸಿಕೊಳ್ಳಬೇಕಾದವರು ಪುಷ್ಯದಲ್ಲಿ ಹಾಸತಕ್ಕದ್ದು, ಅಲ್ಲವೆನ್ನಿಸಿಕೊಳ್ಳಬೇಕಾದವರು ವೈಶಾಖದಲ್ಲಿ. ಕೇಳಿದ್ದಕ್ಕೂ ಕೇಳದಿದ್ದಕ್ಕೂ ಒಟ್ಟಿಗೆ ಒಪ್ಪಿಗೆ ಬೇಕೆನ್ನುವ ಮಹಾಭಕ್ತರು ಮುಂಗಾರಿಯ ತನಕ ಕಾಯಬೇಕು.