ಹಿಂದಿನಿಂದ ಯಾರೂ ಕರೀಲಿಲ್ಲ

ಮ್ಯೂನಿಕ್‌ನಲ್ಲಿರುವ ಮಗಳು ಟಿಕೆಟ್ ಕಳಿಸಿದ ದಿನದಿಂದಲೇ ನಾನು ಮೊಬೈಲ್ ಹಿಡಿದು ಜರ್ಮನ್ ಕಲಿಯಲು ಕೂತೆ. ಗಂಟಲ ತಳದಿಂದ 'ಇಖ್, ಇಖ್' ಎಂದು ತಾಲೀಮು ನಡೆಸಿದ್ದಾಗ ನನ್ನವಳು ಹಿಟ್ಟಿನ ಕೋಲು ಕೆಳಗಿಟ್ಟು ಮೆಣಸಿನ ಕಷಾಯ ಕಾಯಿಸಿ ತಂದಳು. ಮಂಡ್ಯದ ಪೇಟೆಬೀದಿಯಲ್ಲಿ ಸೊಪ್ಪಿನಮ್ಮನಿಗೆ 'ಗುಟೆನ್ ಟಾಗ್' ಅಂದೆ. "ಅದು ಖಾಲಿ ಆಯ್ತು ಸಾ, ದಂಟಿನ ಸೊಪ್ಪು ಐತೆ" ಅಂದಳು.

ಮ್ಯೂನಿಕ್‌ನ ತರಕಾರಿ ಪೇಟೆಯ ಹೆಸರು ವಿಕ್ಟುವಾಲಿಯನ್‌ಮಾರ್ಕ್ಟ್. ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಕಡೆ ಸಂತೆಯೇ ಎದ್ದಿರುತ್ತದೆ. ಮರೀಯನ್‌ಪ್ಲಾಟ್ಸ್ ಚೌಕದಲ್ಲಿ ಜಾಗ ಸಾಲದೆ 1807ರಲ್ಲಿ ಬವೇರಿಯಾದ ದೊರೆ ಒಂದನೇ ಮ್ಯಾಕ್ಸಿಮಿಲಿಯನ್ ಜೋಸೆಫ್ ಎತ್ತಂಗಡಿ ಮಾಡಿಸಿದನಂತೆ. ಆ ಎತ್ತಂಗಡಿಯಲ್ಲಿ ಕೂಗಾಟ ಅಲ್ಲೇ ಉಳಿದುಹೋಗಿರಬೇಕು. ನೂರಕ್ಕೂ ಹೆಚ್ಚು ಅಂಗಡಿಗಳಿವೆ, ಒಬ್ಬರ ದನಿಯೂ ಏಳುವುದಿಲ್ಲ. ಟೊಮೆಟೊಗಳು ವಧುಪರೀಕ್ಷೆಗೆ ಕೂತ ಹಾಗಿವೆ; ನೋಡಬಹುದು, ಮುಟ್ಟುವಂತಿಲ್ಲ. ಸಿಪ್ಪೆ ಕೆತ್ತಿದ ಎಳನೀರಿನ ಬೆಲೆ ಓದಿಕೊಂಡವನಿಗೆ, ಲಾರಿಗಟ್ಟಲೆ ಎಳನೀರು ತುಂಬಿಸುವ ಮದ್ದೂರಿನ ಎಪಿಎಂಸಿ ಯಾವ ದಿಕ್ಕಿಗಿದೆಯೋ ಆ ಕಡೆ ಕೈ ಮುಗಿಯೋಣ ಅನ್ನಿಸಿತು.

ಹುರುಳಿಕಾಯಿ ತುದಿ ಮುರಿದು, ಎಳೆಯದೋ ಬಲಿತದ್ದೋ ನೋಡದೆ ಕೊಂಡ ವಂಶವಲ್ಲ ನಮ್ಮದು. ಕೈ ತಾನಾಗಿ ಹೋಯಿತು. ಪಟಕ್ ಅಂತು. ಅಂಗಡಿಯಾಕೆ ಏನೋ ಕೇಳಿದಳು. ನನ್ನ ಪಾಠಗಳಲ್ಲಿ ರೈಲು, ಹೋಟೆಲು, ಛತ್ರಿ ಎಲ್ಲ ಇದ್ದವು. ಹುರುಳಿಕಾಯಿ ಮುರಿದವನು ಏನು ಹೇಳಬೇಕು ಅನ್ನುವುದಿರಲಿಲ್ಲ. ಸುಮ್ಮನಿದ್ದರೆ ಮಂಡ್ಯದ ಮರ್ಯಾದೆ ಹೋಗುತ್ತದಲ್ಲ, ಸ್ಪಷ್ಟ ಜರ್ಮನ್‌ನಲ್ಲಿ 'ನನ್ನ ಛತ್ರಿ ಎಲ್ಲಿದೆ?' ಎಂದು ಕೇಳಿದೆ. ಪಾಪ, ಆಕೆ ಕಟ್ಟೆಯ ಕೆಳಗೆಲ್ಲ ಬಗ್ಗಿ ಹುಡುಕಿದಳು.

ನನ್ನವಳ ತವರು ಮಳವಳ್ಳಿ ಕಡೆ. "ಬೆಲೆ ಕೇಳಿ ಸುಮ್ನೆ ನಡೀರಿ, ಅವಳೇ ಕರೀತಾಳೆ" ಎಂದು ತಿವಿದಳು. ನಮ್ಮ ಸಂತೆಗಳಲ್ಲಿ ಈ ವಿದ್ಯೆಗೆ ಸೋಲಿಲ್ಲ. ಮೂರು ಹೆಜ್ಜೆ ನಿಧಾನ, ನಾಲ್ಕನೆಯದು ಇನ್ನೂ ನಿಧಾನ. ಅಷ್ಟರಲ್ಲಿ "ಬನ್ನಿ ಸಾ, ಎಷ್ಟಕ್ ಬೇಕು ನೀವೇ ಹೇಳಿ" ಅಂತ ಬಂದೇ ಬರುತ್ತದೆ. ಕೇಳಿದೆ, ತಲೆ ಕೊಡವಿದೆ, ಇಬ್ಬರೂ ನಡೆದೆವು. ಆಕೆ ನಗುನಗುತ್ತಾ ಹೋಗಿಬನ್ನಿ ಅಂದು ಮುಂದಿನವರಿಗೆ ತೂಗತೊಡಗಿದಳು. ಚೀಸಿನ ಅಂಗಡಿ ದಾಟಿದೆವು, ಹೂವಿನ ಅಂಗಡಿಯೂ ದಾಟಿತು.

"ಇನ್ನೊಂಚೂರು ನಿಧಾನಕ್ಕೆ ನಡೀರಿ" ಅಂದಳು ಇವಳು.

ನಾವು ನಿಂತೇ ಐದು ನಿಮಿಷ ಆಗಿತ್ತು.